‘ದ’ ಕೆಳಗಿನ ಗೀಟು

“ಜೋರಾಗಿ ಓದಿ,” ಎಂದರು ದಾಸಯ್ಯ ಮೇಷ್ಟ್ರು. “ನನಗೆ ಕಿವಿ ಸ್ವಲ್ಪ ಮಂದ.”

ಚಲುವಯ್ಯ ಓದಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟು ಅವರ ಕಡೆಗೆ ಸರಿಸಿದ. ಆ ಚೀಟಿಯನ್ನು ಅವನು ಒಮ್ಮೆ ಜೋರಾಗಿ ಓದಿದ್ದ. ಒಂದು ಜನ್ಮಕ್ಕೆ ಅಷ್ಟು ಸಾಕಾಗಿತ್ತು.

ಸಿಂಧಘಟ್ಟದ ನರ್ಸಮ್ಮ ಬೈರಮ್ಮ ಮನೆ ಬಿಟ್ಟು ಕಾಣೆಯಾಗಿ ಆವತ್ತಿಗೆ ಹನ್ನೊಂದು ದಿನ. ಯಾರ ಜೊತೆಗೋ ಓಡಿಹೋದಳು ಎಂಬುದು ಊರಿನ ತೀರ್ಮಾನ. ಠಾಣೆಯ ತೀರ್ಮಾನವೂ ಅದೇ. ಫೈಲು ಮುಚ್ಚಲು ಸಾಹೇಬರ ಒಂದು ಸಹಿ ಮಾತ್ರ ಬಾಕಿ. ಅಷ್ಟಕ್ಕೂ ಬುಡವಾಗಿದ್ದದ್ದು ಈ ಚೀಟಿ.

ಕೆ.ಆರ್. ಪೇಟೆಯ ದಫೇದಾರ ಚಲುವಯ್ಯ ಕಾಕಿ ಬಿಚ್ಚಿಟ್ಟು, ಬಿಳಿ ಷರಟು ತೊಟ್ಟು, ಪಾಂಡವಪುರದ ಮೇಲೆ ಬರುವ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಠಾಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರ ಬಾಗಿಲಲ್ಲಿ ನಿಂತಾಗಲೂ ಹೆಸರು ಬಾಯಿಗೆ ಬಾರದೆ, “ಬೈರಮ್ಮನ ಕಡೆಯೋನು ಸಾ,” ಅಂದುಬಿಟ್ಟಿದ್ದ.

ಮೇಷ್ಟ್ರು ಕಿಟಕಿಯ ಬೆಳಕಿಗೆ ಚೀಟಿ ಹಿಡಿದರು. ರೂಲು ಹಾಳೆಯ ಅರ್ಧ ತುಂಡು. ಅದರ ಮೇಲೆ ಪತ್ರಿಕೆಯಿಂದ ಕತ್ತರಿಸಿ ಸಾಲಾಗಿ ಅಂಟಿಸಿದ ಅಕ್ಷರಗಳು. ಒಂದೊಂದು ಅಕ್ಷರದ ಸುತ್ತಲೂ ಚೌಕದ ಗೆರೆ.

ಸಿಂಧಘಟ್ಟ ಬೈರಮ್ಮ ಆದರ ಇದೆ ಬೇಗ ನೋಡಿ.

“ನನ್ನವೇ,” ಎಂದರು ಮೇಷ್ಟ್ರು, ಶಾಲೆ ಮುಗಿದ ಮೇಲೆ ಬೀದಿಯಲ್ಲಿ ಸಿಕ್ಕ ಮಕ್ಕಳ ಗುರುತು ಹಿಡಿದವರಂತೆ. “ನಿಮಗೆ ಹೆಂಗೆ ಗೊತ್ತಾಯಿತು, ಇವು ನನ್ನ ಚೌಕದವು ಅಂತ?”

“ನನ್ ಮಗಳು ಯೋಳಿದ್ಲು. ಸ್ನೇಹ ಅಂತ, ಐಸ್ಕೂಲು. ದಿನಾ ನಿಮ್ ಚೌಕ ಬುಡಿಸ್ತಾಳೆ.”

‘ಹೊಳೆಸಾಲು’ ಪತ್ರಿಕೆಯ ಕೊನೆಯ ಪುಟದಲ್ಲಿ ದಿನವೂ ಬರುವ ಅಕ್ಷರಚೌಕ ದಾಸಯ್ಯ ಮೇಷ್ಟ್ರದ್ದು. ಅಡ್ಡ ಹತ್ತು, ಉದ್ದ ಹತ್ತು, ಒಟ್ಟು ನೂರು ಮನೆ, ಮನೆಗೊಂದು ಅಕ್ಷರ. ಅದರೊಳಗೆ ಹತ್ತು ಪದ ಅಡಗಿರುತ್ತವೆ. ಅಡ್ಡ, ಉದ್ದ, ಓರೆ, ಹಿಂದುಮುಂದು, ಹೇಗೆ ಬೇಕಾದರೂ. ಓದುಗರು ಪದಗಳನ್ನು ಸುತ್ತಿ, ಚೌಕವನ್ನೇ ಕತ್ತರಿಸಿ ಕವರಿನಲ್ಲಿಟ್ಟು ಮೇಷ್ಟ್ರ ವಿಳಾಸಕ್ಕೆ ಕಳಿಸುತ್ತಾರೆ.

“ಇದನ್ನ ಅಂಟಿಸಿದೋರು ಯಾರು ಅಂತ ಯೋಳ್ಬೇಕು ನೀವು,” ಎಂದ ಚಲುವಯ್ಯ.

“ಹೇಳೋಣ. ಮೊದಲು ಇದರಲ್ಲಿ ಕನ್ನಂಬಾಡಿ ಹುಡುಕಿ.”

ಮೇಷ್ಟ್ರು ಅಂದಿನ ಪತ್ರಿಕೆಯನ್ನು ಅವನ ಮುಂದೆ ಹರವಿದರು. ಚಲುವಯ್ಯನಿಗೆ ರೇಗಿತು. ಆದರೆ ಬಂದ ಕೆಲಸ ಅಂಥದ್ದು. ‘ಕ’ ಎಲ್ಲಿದೆ ಎಂದು ಬೆರಳಿಟ್ಟು ಹುಡುಕತೊಡಗಿದ. ಒಂದು ‘ಕ’, ಇನ್ನೊಂದು ‘ಕ’, ಮೂಲೆಯಲ್ಲೊಂದು. ಒಂದರ ಪಕ್ಕದಲ್ಲೂ ಬೇಕಾದ ಅಕ್ಷರವಿಲ್ಲ.

“ಬಿಡಿ. ಎಲ್ಲರೂ ಮಾಡೋದೇ ಇದು. ‘ಕ’ ಹುಡುಕಬಾರದು. ‘ಕ’ ಬೀದಿಗೆ ಹತ್ತು ಸಿಗುತ್ತವೆ. ‘ನ್ನಂ’ ಹುಡುಕಿ. ಒತ್ತೂ ಇದೆ, ಸೊನ್ನೆಯೂ ಇದೆ. ನೂರು ಮನೆಯಲ್ಲಿ ಅದು ಒಂದೇ ಇರುತ್ತೆ. ಸಿಕ್ಕ ಮೇಲೆ ಅದರ ಸುತ್ತಲಿನ ಎಂಟು ಮನೆ ನೋಡಿ. ಅಷ್ಟೇ.”

‘ನ್ನಂ’ ಸಿಕ್ಕಿತು. ಅದರ ಕೆಳಗೆ ಓರೆಯಾಗಿ ‘ಕ’, ಮೇಲೆ ಓರೆಯಾಗಿ ‘ಬಾ’, ಅದರಾಚೆ ‘ಡಿ’. ಕೆಳಗಿನಿಂದ ಮೇಲಕ್ಕೆ ಹತ್ತಿದ ಕನ್ನಂಬಾಡಿ. ಚಲುವಯ್ಯನಿಗೆ ತನಗೇ ಗೊತ್ತಿಲ್ಲದಂತೆ ಒಂದಿಷ್ಟು ಖುಷಿಯಾಯಿತು. ಆಮೇಲೆ ಬೈರಮ್ಮನ ನೆನಪಾಗಿ ಅದೂ ಆರಿತು.

ಒಳಗಿನಿಂದ ಮೇಷ್ಟ್ರ ಹೆಂಡತಿ ಅಣ್ಣಮ್ಮ ಎರಡು ಲೋಟ ಮಜ್ಜಿಗೆ ತಂದರು.

“ಬಂದೋರ್ಗೆಲ್ಲ ಪಾಠ ಸುರು ಅಚ್ಕತಾರೆ ಕಣಪ್ಪ ಇವ್ರು. ಮೊನ್ನೆ ಕರೆಂಟು ಬಿಲ್ಲಿನೋನು ಬಂದಿದ್ದ, ಅವನ್ನೂ ಕೂರಿಸ್ಕಂಡು ‘ಪಾಲಹಳ್ಳಿ’ ಉಡುಕ್ಸವ್ರೆ. ಉಪ್ಪು ಕಮ್ಮಿ ಆಕಿವ್ನಿ, ಬೇಕಾರೆ ಕೇಳು.”

“ನೀನು ಒಳಗೆ ಹೋಗೆ,” ಎಂದರು ಮೇಷ್ಟ್ರು.

“ಓಯ್ತೀನಿ. ನಲವತ್ತು ವರ್ಸದಿಂದ ಒಳೀಕೇ ಓಗ್ತಾ ಇವ್ನಿ.”

ಅಣ್ಣಮ್ಮ ಹೋದ ಮೇಲೆ ಮೇಷ್ಟ್ರು ಭೂತಗನ್ನಡಿ ತೆಗೆದುಕೊಂಡು ಚೀಟಿಯ ಮೇಲೆ ಬಾಗಿದರು.

“ಈಗ ಇದನ್ನೂ ಹಂಗೇ ನೋಡೋಣ. ಅಪರೂಪದ ಅಕ್ಷರ ಮೊದಲು. ಊರ ಹೆಸರಲ್ಲಿ ‘ಘ’ ಇದೆ. ಈ ತಿಂಗಳೆಲ್ಲ ನಾನು ‘ಘ’ ಇಟ್ಟದ್ದು ಒಂದೇ ದಿನ, ಹದಿನಾಲ್ಕನೇ ತಾರೀಕು. ‘ಮೇಘ’ ಅನ್ನೋ ಪದಕ್ಕೆ. ಅಂದರೆ ಚೀಟಿ ಅಂಟಿಸಿದ್ದು ಹದಿನಾಲ್ಕರ ಮೇಲೆ.”

“ಅದಿನೇಳಕ್ಕೆ ಠಾಣೆ ಅರ್ಜಿ ಡಬ್ಬೀಲಿ ಸಿಕ್ತು.”

“ಸರಿಯಾಯಿತು. ‘ಧ’ವೂ ಇದೆ. ಅದೂ ಅಪರೂಪವೇ. ನಮ್ಮ ಕಡೆ ಎಷ್ಟು ಜನ ಸಿಂಧಘಟ್ಟಕ್ಕೆ ಸರಿಯಾಗಿ ‘ಧ’ ಬರೀತಾರೆ? ‘ಸಿಂದಗಟ್ಟ’ ಅಂತ ಅಂಟಿಸಿದ್ದರೂ ನಡೀತಿತ್ತು. ಆದರೆ ಈ ಅಂಟಿಸಿದವರು ಎರಡಕ್ಕೂ ಹುಡುಕಾಡಿದಾರೆ. ಅಕ್ಷರ ಬಲ್ಲವರು. ಗೊತ್ತಾಯಿತಾ?”

“ಊಂ.”

“ಹಂಗಾದರೆ ಈ ‘ಆದರ’ ಏನು?”

ಚಲುವಯ್ಯ ಮಜ್ಜಿಗೆಯ ಲೋಟ ಎತ್ತಿದ. ಕುಡಿಯಲಿಲ್ಲ.

“ಅದು... ಅದು ಹಾದರ ಸಾ. ಹಾ ಬದ್ಲು ಆ ಆಕವ್ರೆ. ನಮ್ ಜನ ಅಂಗೇ ತಾನೆ ಅನ್ನೋದು.”

“ಯಾರು ಹೇಳಿದರು ನಿಮಗೆ?”

“ಠಾಣೇಲಿ ಅಂಗೇ ಬರಕಂಡವ್ರೆ.”

“ಬರಕೊಂಡವರು ಯಾರೋ ದೊಡ್ಡ ಪಂಡಿತರು,” ಎಂದರು ಮೇಷ್ಟ್ರು. “ನನ್ನ ಚೌಕದಲ್ಲಿ ‘ಹಾ’ ದಿನಕ್ಕೆ ಎರಡಾದರೂ ಇರುತ್ತೆ. ‘ಘ’ವನ್ನೇ ಹುಡುಕಿ ಹಿಡಿದವರು ಕಣ್ಣೆದುರಿಗಿದ್ದ ‘ಹಾ’ ಬಿಡ್ತಾರೇನ್ರೀ?”

ಚಲುವಯ್ಯನ ಕಿವಿ ಬಿಸಿಯಾಯಿತು. ಆ ಪಂಡಿತ ಅವನೇ.

ಇಪ್ಪತ್ತೈದು ವರ್ಷದ ಕೆಳಗೆ, ತರಬೇತಿಯಲ್ಲಿದ್ದಾಗ, ಮೇಲಧಿಕಾರಿಯೊಬ್ಬರು ಎಲ್ಲರೆದುರು ನಿಲ್ಲಿಸಿ ದೂರು ಓದಿಸಿದ್ದರು. ‘ಹಸು ಹಗ್ಗ ಹರಿದುಕೊಂಡು ಹಳ್ಳಕ್ಕೆ ಹೋಯಿತು.’ ಚಲುವಯ್ಯನ ಬಾಯಲ್ಲಿ ಅದು ಅಸು, ಅಗ್ಗ, ಅರ್ಕಂಡು, ಅಳ್ಳ ಆಗಿ ಇಡೀ ತಂಡ ಹೊಟ್ಟೆ ಹಿಡಿದು ನಕ್ಕಿತ್ತು. ಅಂದಿನಿಂದ ಅವನಿಗೆ ‘ಹ’ದ ಭಯ. ಮಾತಿನಲ್ಲಿ ಬಿಟ್ಟದ್ದನ್ನೆಲ್ಲ ಬರಹದಲ್ಲಿ ಬಡ್ಡಿ ಸಮೇತ ತೀರಿಸುತ್ತಿದ್ದ. ‘ಆರೋಪಿ’ಯನ್ನು ‘ಹಾರೋಪಿ’ ಎಂದು ಬರೆದು ಕೋರ್ಟಿನಲ್ಲಿ ವಕೀಲರು ನಗುವಂತೆ ಮಾಡಿದ್ದ. ಸ್ನೇಹ ಹೈಸ್ಕೂಲಿಗೆ ಸೇರಿದ ಮೇಲೆ ಅವಳೆದುರಿಗೆ ಪೆನ್ನು ಹಿಡಿಯುವುದನ್ನೇ ಬಿಟ್ಟಿದ್ದ.

ಚೀಟಿಯಲ್ಲಿ ‘ಆದರ’ ಕಂಡಾಗ ಅವನ ಕಣ್ಣು ತಾನಾಗಿ ಒಂದು ‘ಹ’ ಸೇರಿಸಿಕೊಂಡಿತ್ತು. ಯಾವನೋ ತನ್ನಂಥವನೇ ಬರೆದಿದ್ದಾನೆ ಎಂದು ಒಳಗೊಳಗೇ ನಕ್ಕಿದ್ದ ಕೂಡ.

“ಇಲ್ಲಿ ನೋಡಿ,” ಎಂದು ಮೇಷ್ಟ್ರು ಭೂತಗನ್ನಡಿ ಅವನ ಕೈಗೆ ಕೊಟ್ಟರು. “ಮೂರು ಅಕ್ಷರ ಒಂದೇ ಪಟ್ಟಿಯಾಗಿ ಕತ್ತರಿಸಿದ್ದು. ಹದಿನೈದನೇ ತಾರೀಕಿನ ಚೌಕದಲ್ಲಿ ‘ಆದರ’ ಅಂತ ನಾನೇ ಇಟ್ಟಿದ್ದೆ, ಗೌರವ ಅನ್ನೋ ಅರ್ಥಕ್ಕೆ. ಆದರೆ ‘ದ’ ಕೆಳಗೆ ಏನಿದೆ?”

ಗಾಜಿನ ಕೆಳಗೆ ‘ದ’ ಅವರೆಕಾಳಿನಷ್ಟು ದೊಡ್ಡದಾಯಿತು. ಅದರ ಬುಡದಲ್ಲಿ ಒಂದು ಸಣ್ಣ ಗೀಟು. ಅಚ್ಚಿನ ಮಸಿಯಲ್ಲ, ನೀಲಿ ಪೆನ್ನಿನದು. ಅದರ ಬಲಕ್ಕೆ, ಚೌಕದ ಗೆರೆಗೆ ಅಂಟಿಕೊಂಡಂತೆ, ಇನ್ನೊಂದು ಸಣ್ಣ ಕೊಂಡಿ. ಅದನ್ನು ಅವನು ಗೆರೆಯೇ ಅಂದುಕೊಂಡಿದ್ದ. ಗೀಟನ್ನು ನೊಣದ ಹಿಕ್ಕೆ ಅಂದುಕೊಂಡಿದ್ದ.

“ಓದಿ.”

“ಆ... ದಾ... ರ.”

“‘ಧಾ’. ಕೆಳಗಿನ ಗೀಟು ಯಾತಕ್ಕೆ ಮತ್ತೆ? ಆಧಾರ. ಚೌಕದಲ್ಲಿ ‘ಧಾ’ ಸಿಗಲಿಲ್ಲ, ಪಾಪ. ಇದ್ದ ‘ದ’ಕ್ಕೆ ತಾವೇ ಗೀಟೆಳೆದು, ದೀರ್ಘ ಕೊಟ್ಟು ತಿದ್ದಿಕೊಂಡಿದಾರೆ. ಸಿಂಧಘಟ್ಟ ಬೈರಮ್ಮ, ಆಧಾರ ಇದೆ, ಬೇಗ ನೋಡಿ.”

ಹೊರಗೆ ಮೈಸೂರಿನ ಕಡೆಯ ರೈಲು ಹೋಯಿತು.

ಚಲುವಯ್ಯನ ಕಣ್ಣೆದುರು ಒಂದು ಬಟ್ಟೆಚೀಲ ಬಂದು ನಿಂತಿತ್ತು. ಪೇಟೆಯ ಖಾಸಗಿ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಹಾಕಿಸಿಕೊಂಡು ಬಂದ ಸಿಂಧಘಟ್ಟದ ಚಿಕ್ಕಬೋರಮ್ಮ ಅದೇ ರಾತ್ರಿ ತೀರಿಕೊಂಡದ್ದು ಹನ್ನೆರಡನೇ ತಾರೀಕು. ಮಾರನೇ ದಿನ ಬೈರಮ್ಮ ಆ ಚೀಲವನ್ನು ಎದೆಗವಚಿಕೊಂಡು ಠಾಣೆಗೆ ಬಂದಿದ್ದಳು. ಚೀಲದೊಳಗೆ ಖಾಲಿ ಬಾಟಲಿಗಳ ಸದ್ದು. ಅವನು ಬಂದೋಬಸ್ತಿನ ಪಟ್ಟಿ ಬರೆಯುತ್ತ ತಲೆ ಎತ್ತದೆ, “ನಾಳೀಕೆ ಬಾರವ್ವ,” ಅಂದಿದ್ದ.

“ಈಗ ಅಂಟಿಸಿದವರು ಯಾರು ಅನ್ನೋದು,” ಎಂದರು ಮೇಷ್ಟ್ರು. “ಈ ‘ಟ್ಟ’ ನೋಡಿ. ಈ ‘ಮ್ಮ’ ನೋಡಿ. ನೆತ್ತಿಯ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇದೆ. ಉಳಿದ ಅಕ್ಷರಕ್ಕಿಲ್ಲ. ಚೌಕ ಸಿಕ್ಕ ಕೂಡಲೆ ಒತ್ತಕ್ಷರಕ್ಕೆಲ್ಲ ಚುಕ್ಕೆ ಇಟ್ಟುಕೊಂಡು ಆಮೇಲೆ ಪದ ಹುಡುಕೋ ಉಪಾಯ ಇದು. ನನಗೆ ದಿನಾ ಅರವತ್ತು ಎಪ್ಪತ್ತು ಕವರು ಬರುತ್ತೆ. ಅದರಲ್ಲಿ ಈ ಉಪಾಯ ಮಾಡೋದು ಒಬ್ಬರೇ.”

ಅವರು ಬೀರುವಿನಿಂದ ದಾರ ಕಟ್ಟಿದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಕವರಿನ ಮೇಲೂ ಒಂದೇ ದುಂಡು ಬರಹ. ಬಿ. ಬೈರಮ್ಮ, ಸಿಂಧಘಟ್ಟ.

ಚೀಟಿ ಬೈರಮ್ಮನ ಮೇಲೆ ಬಂದ ಮೂಗರ್ಜಿಯಲ್ಲ. ಬೈರಮ್ಮನೇ ಹಾಕಿದ ಅರ್ಜಿ.

“ಕೈಯಾಗೇ ಬರೀಬೋದಾಗಿತ್ತಲ್ಲ ಸಾ,” ಎಂದ ಚಲುವಯ್ಯ.

“ಊರೂರಿಗೆ ಮಕ್ಕಳ ಲಸಿಕೆ ಕಾರ್ಡು ಬರೆಯೋಳು ಅವಳು. ಅವಳ ಬರಹ ಗೊತ್ತಿಲ್ಲದ ಮನೆ ಇಲ್ಲ. ಯಾರಿಗೋ ಹೆದರಿದ್ದಳು. ಬೈರಮ್ಮನ ಹತ್ತಿರ ಆಧಾರ ಇದೆ ಅಂತ ಬೇರೆ ಯಾರೋ ಹೇಳಿದ ಹಾಗೆ ಕಾಣಲಿ ಅಂತ ಹೀಗೆ ಅಂಟಿಸಿದಾಳೆ. ಅಂಥವಳು ಪೊಲೀಸರನ್ನ ನಂಬಿ ಈ ಚೀಟಿ ಹಾಕಿದಳು. ಅವರು ಅದನ್ನ ಏನು ಮಾಡಿದರು?”

ಚಲುವಯ್ಯ ಕವರುಗಳ ಮೇಲಿನ ದುಂಡು ಬರಹ ನೋಡಿದ.

“ನೀವು ಅವಳ ಕಡೆಯೋರಲ್ಲ,” ಎಂದರು ಮೇಷ್ಟ್ರು. “ಕಡೆಯೋರಾಗಿದ್ದರೆ ಬಂದಾಗಿನಿಂದ ಒಂದು ಸಲವಾದರೂ ಅವಳ ಹೆಸರಿಗೆ ಅಯ್ಯೋ ಅಂತಿದ್ದಿರಿ. ಠಾಣೆಯಲ್ಲಿ ಬರಕೊಂಡ ಪಂಡಿತರು ನೀವೇನಾ?”

ಸುಳ್ಳು ಹೇಳಬಹುದಿತ್ತು. ಇನ್ನೊಬ್ಬನ ಹೆಸರು ಹೇಳಬಹುದಿತ್ತು. ಚಲುವಯ್ಯ ಲೋಟವನ್ನು ಕೆಳಗಿಟ್ಟ.

“ನಾನೇ ಸಾ.”

“ಬರಕೊಂಡದ್ದು ಅಷ್ಟೇನಾ?”

“ಅಷ್ಟೇ ಅಲ್ಲ.” ಅವನು ನೆಲ ನೋಡುತ್ತ ಹೇಳಿದ. “ಠಾಣೆ ಎದುರ್ಗಡೆ ಓಟ್ಲೈತೆ. ಚೀಟಿ ಸಿಕ್ಕಿದ್ ದಿನ ಕಾಪಿ ಕುಡಿಯಕ್ಕೋಗಿ ಅಲ್ಲೇ ತೆಗೆದು ಓದ್ಬುಟ್ಟೆ. ಜೋರಾಗೇ ಓದ್ದೆ. ಬೈರಮ್ಮ, ಹಾದರ ಇದೆ, ಬೇಗ ನೋಡಿ ಅಂತವ. ಎಲ್ರೂ ನಕ್ರು. ಯಾವನೋ, ಟಿಕೀಟು ಎಷ್ಟಂತೆ ಕೇಳ್ಲಾ ಅಂದ. ನಾನೂ ನಕ್ಕೆ.”

ಆ ದಿನ ‘ಹಾ’ ಎಂಬುದನ್ನು ಎದೆಯಿಂದ ಎತ್ತಿ, ಒಂದಿಷ್ಟೂ ತಪ್ಪಿಲ್ಲದೆ ಹೇಳಿದ್ದ. ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ. ಆದರೆ ಅದೇ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು.

“ಚೀಟಿ ನಾಕು ಮೇಜು ಸುತ್ತಾಡ್ಕಂಡು ಬಂತು. ಗ್ಲುಕೋಸ್ ಆಕಿಸ್ಕಂಡು ಚಿಕ್ಕಬೋರಮ್ಮ ಸತ್ಲಲ್ಲ, ಆ ಕ್ಲಿನಿಕ್ಕಿನ ಕಾಂಪೌಂಡ್ರು ರಂಗಸ್ವಾಮಿ ಅಲ್ಲೇ ಕುಂತಿದ್ದ. ಅವ್ನೊಬ್ಬ ನಗ್ಲಿಲ್ಲ. ಬೋ ಒತ್ತು ಇಡ್ಕಂಡು ನೋಡ್ದ. ಆಗ ನಂಗೆ ಒಳೀಲಿಲ್ಲ.”

“ಆಮೇಲೆ?”

“ಸಂಜೀಕೆ ಅವಳ ಗಂಡ ಲೋಕೇಶಂಗೆ ಯೋಳ್ದೆ. ಮನೆ ಕಡೆ ವಸಿ ನಿಗಾ ಮಡಗಪ್ಪ ಅಂತವ. ಬುದ್ಧಿ ಮಾತು ಅನ್ಕಂಡು ಯೋಳ್ದೆ ಸಾ. ಅವ್ನು ಅವಳ ಟ್ರಂಕು ತಂದು ಬೀದಿಗೆ ಎಸ್ದ. ಅವಳು ಒಂದು ಮಾತೂ ಆಡ್ಲಿಲ್ವಂತೆ. ಬಟ್ಟೆಚೀಲ ಒಂದ್ ತಗಂಡು ಒಂಟೋದ್ಲಂತೆ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು.

“ನಿಮ್ಮ ಹೆಸರು?”

“ಚಲುವಯ್ಯ. ಕೆ.ಆರ್. ಪೇಟೆ ದಫೇದಾರ.”

ಒರೆಸುತ್ತಿದ್ದ ಕೈ ನಿಂತಿತು. ಮೇಷ್ಟ್ರ ಮುಖದಿಂದ ರಕ್ತ ಇಳಿದುಹೋಯಿತು. ಚಲುವಯ್ಯ ಅದನ್ನು ಹೇಸಿಗೆ ಅಂದುಕೊಂಡ. ತನಗೆ ಸಲ್ಲಬೇಕಾದದ್ದೇ ಅಂದುಕೊಂಡ.

“ಇನ್ನೊಂದು ಸಲ ಹೇಳಿ.”

“ಚಲುವಯ್ಯ ಸಾ.”

“ಗುರುತಿನ ಚೀಟಿ ಇದೆಯಾ?”

ಅವನು ಜೇಬಿನಿಂದ ತೆಗೆದು ಕೊಟ್ಟ. ಮೇಷ್ಟ್ರು ಫೋಟೋ ನೋಡಿದರು, ಅವನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಹಿಂದಿರುಗಿಸಿದರು.

“ಅವಳು ಬದುಕವ್ಳಾ ಸಾ?” ಎಂದ ಚಲುವಯ್ಯ. “ನಿಮ್ಗೇನಾರ ಗೊತ್ತಿದ್ರೆ ಯೋಳ್ಬುಡಿ. ನನ್ನ ಏನಾರ ಅನ್ನಿ. ನಾನು ಅವಳ ಕಾಲಿಗ್ ಬೀಳ್ತೀನಿ, ಸಾಹೇಬ್ರ ಮುಂದೆ ಬರ್ಕೊಡ್ತೀನಿ. ಮೊದ್ಲು ಅವಳು ಸಿಕ್ಬೇಕು. ಆ ರಂಗಸ್ವಾಮಿಗಿಂತ ಮುಂಚೆ ನನಗ್ ಸಿಕ್ಬೇಕು.”

ಮೇಷ್ಟ್ರು ಮೇಜಿನ ಖಾನೆ ಎಳೆದು, ಒಂದು ಕವರು ತೆಗೆದು, ಒಳಗಿದ್ದ ಚೌಕವನ್ನು ಮಾತ್ರ ಅವನ ಮುಂದಿಟ್ಟರು. ಕವರನ್ನು ತಮ್ಮ ಅಂಗೈ ಕೆಳಗೆ ಮುಚ್ಚಿಟ್ಟುಕೊಂಡರು.

“ನಿನ್ನೆ ಬೆಳಿಗ್ಗೆ ಟಪಾಲಿನಲ್ಲಿ ಬಂತು. ಮೊನ್ನೆ ಹಾಕಿದ್ದು.”

ಮೊನ್ನೆ ಹಾಕಿದ್ದು. ಅಂದರೆ ಬದುಕಿದ್ದಾಳೆ. ಚಲುವಯ್ಯನ ಕಣ್ಣು ತುಂಬಿ ಚೌಕದ ಗೆರೆಗಳೆಲ್ಲ ಒಂದಕ್ಕೊಂದು ಕಲಸಿಹೋದವು.

“ಹತ್ತು ಪದವನ್ನೂ ಸರಿಯಾಗಿ ಸುತ್ತಿದಾಳೆ,” ಎಂದರು ಮೇಷ್ಟ್ರು. “ಒತ್ತಕ್ಷರಕ್ಕೆಲ್ಲ ಚುಕ್ಕೆ ಇಟ್ಟಿದಾಳೆ, ವಾಡಿಕೆಯ ಹಾಗೆ. ಆದರೆ ಒತ್ತಿಲ್ಲದ ಆರು ಅಕ್ಷರಕ್ಕೂ ಚುಕ್ಕೆ ಬಿದ್ದಿದೆ. ಅವನ್ನ ಓದಿ. ನಾನು ಹೇಳಲ್ಲ. ನೀವೇ ಓದಬೇಕು.”

ಚಲುವಯ್ಯ ಮೇಲಿನ ಸಾಲಿನಿಂದ ಶುರುಮಾಡಿದ. ‘ಡ’. ಎರಡು ಸಾಲು ಕೆಳಗೆ ‘ಬೇ’. ಆಮೇಲೆ ‘ರ’. ಆಮೇಲೆ ‘ದಾ’.

“ಡಬೇರದಾ. ಅರ್ಥಾನೇ ಆಗಕ್ಕಿಲ್ಲ ಸಾ.”

“ಮೇಲಿಂದಲೇ ಓದಬೇಕು ಅಂತ ಯಾರು ಹೇಳಿದರು? ನಿಮ್ಮ ಮನಸ್ಸಿನಲ್ಲಿರೋದನ್ನ ಚೌಕದ ಮೇಲೆ ಹೇರಬೇಡಿ. ಅಪರೂಪದ ಅಕ್ಷರ ಯಾವುದು?”

ಬೆರಳು ಇಳಿಯಿತು. ಕೆಳಗಿನಿಂದ ಎರಡನೇ ಸಾಲಿನಲ್ಲಿ ‘ಫೇ’. ಇಡೀ ಚೌಕದಲ್ಲಿ ಅದೊಂದೇ. ಅದರ ಮೇಲಿನ ಚುಕ್ಕೆ ‘ದಾ’. ಕೆಳಗಿನ ಚುಕ್ಕೆ, ಕೊನೆಯ ಸಾಲಿನಲ್ಲಿ, ‘ದ’.

ಕೆಳಗಿನಿಂದ ಮೇಲಕ್ಕೆ. ಕನ್ನಂಬಾಡಿಯ ಹಾಗೆ.

“ದ,” ಎಂದ ಚಲುವಯ್ಯ. “ಫೇ. ದಾ. ರ.”

ಉಳಿದ ಎರಡು ಅಕ್ಷರ ಕಣ್ಣಿಗೆ ಬಿದ್ದವು. ಬಾಯಿಗೆ ಬರಲಿಲ್ಲ.

“ಪೂರ್ತಿ ಓದಿ.”

“ಬೇ. ಡ.”

ದಫೇದಾರ ಬೇಡ.

ತನ್ನ ಜೀವಮಾನದಲ್ಲಿ ಚಲುವಯ್ಯ ಬಿಡಿಸಿದ ಎರಡನೆಯ ಒಗಟು ಅದು. ಅದರಲ್ಲಿ ‘ಹ’ ಇರಲಿಲ್ಲ, ಸೇರಿಸಲು ಜಾಗವೂ ಇರಲಿಲ್ಲ. ಸೀಲಿಂಗ್ ಫ್ಯಾನಿನ ಗಾಳಿಗೆ ಚೌಕ ಅಲುಗಾಡಿತು. ಅವನು ಅದರ ಮೇಲೆ ಕೈಯಿಟ್ಟು ಹಿಡಿದುಕೊಂಡ, ಹಾರಿಹೋದೀತು ಎಂದಲ್ಲ, ಮೇಷ್ಟ್ರಿಗೆ ಕಾಣದಿರಲಿ ಎಂದು. ಅವರಿಗೆ ಮೊದಲೇ ಗೊತ್ತು ಎಂಬುದೂ ಮರೆತುಹೋಗಿತ್ತು.

“ನ್ಯಾಯವೇ ಬುಡಿ,” ಎಂದ ಕೊನೆಗೆ. “ನಾನು ಓಗಕ್ಕಿಲ್ಲ. ಬೇರೆಯೋರ್ನ ಕಳಿಸ್ತೀನಿ. ಎಣ್ಣು ಪೊಲೀಸರ್ನ ಕಳಿಸ್ತೀನಿ. ಎಲ್ಲವ್ಳೆ ಅಂತ ಮಾತ್ರ ಯೋಳಿ.”

ಮೇಷ್ಟ್ರು ಕವರಿನ ಮೇಲಿನ ಅಂಗೈ ತೆಗೆದರು. ಅಂಚೆಯ ಮುದ್ರೆ ದುಂಡಗೆ, ಸ್ಪಷ್ಟವಾಗಿ ಬಿದ್ದಿತ್ತು. ಬಿಂಡಿಗನವಿಲೆ, ನಾಗಮಂಗಲ ತಾಲ್ಲೂಕು.

“ನಾನು ಮೂವತ್ತೊಂದು ವರ್ಷ ಕನ್ನಡ ಕಲಿಸಿದೋನು,” ಎಂದರು. ಈಗ ಅವರು ಚಲುವಯ್ಯನ ಮುಖ ನೋಡುತ್ತಿರಲಿಲ್ಲ. “ನಿನ್ನೆ ಈ ಚೌಕ ಬಂದಾಗ ನಾನು ಇಟ್ಟ ಹತ್ತು ಪದ ಸರಿ ಇದೆಯಾ ಅಂತ ನೋಡಿದೆ. ಸರಿ ಇತ್ತು. ಟಿಕ್ಕು ಹಾಕಿದೆ. ಆ ಆರು ಚುಕ್ಕೆ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಇಡದೇ ಇದ್ದ ಪದ ನನ್ನ ಚೌಕದಲ್ಲಿರುತ್ತೆ ಅಂತ ನನಗೆ ಹೊಳೀಲೇ ಇಲ್ಲ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡ್ತೀನಿ, ಎದ್ದು ಕಾಣ್ತಾ ಇದೆ.”

“ಅದಕ್ಕೇನು ಸಾ? ಇವತ್ತಾದ್ರೂ ಕಂಡ್ತಲ್ಲ.”

“ಅಷ್ಟೊತ್ತಿಗೆ ಕವರು ತೋರಿಸಿಬಿಟ್ಟಿದ್ದೆ.”

ಚಲುವಯ್ಯ ತಲೆ ಎತ್ತಿದ.

“ನಿನ್ನೆ ಮಧ್ಯಾಹ್ನ ಒಬ್ಬರು ಬಂದಿದ್ದರು. ಕಾಕಿ ಹಾಕಿದ್ದರು. ಬೈರಮ್ಮನ್ನ ಹುಡುಕ್ತಾ ಇದೀವಿ, ಅವಳಿಗೆ ಅಕ್ಷರಚೌಕದ ಹುಚ್ಚು ಅಂತಲ್ಲ, ಕಾಗದ ಏನಾದರೂ ಬಂತಾ ಮೇಷ್ಟ್ರೇ ಅಂದರು. ಬಹಳ ಮರ್ಯಾದೆಯಿಂದ ಕೇಳಿದರು. ನಾನೇ ಖಾನೆ ಎಳೆದು ಕೊಟ್ಟೆ. ಮುದ್ರೆ ನೋಡಿ, ಊರ ಹೆಸರು ಬರಕೊಂಡು, ಕೈ ಮುಗಿದು ಹೋದರು.”

“ಯೆಸ್ರು ಕೇಳಿದ್ರಾ?”

“ಕೇಳಿದೆ,” ಎಂದರು ದಾಸಯ್ಯ ಮೇಷ್ಟ್ರು. “ಕೆ.ಆರ್. ಪೇಟೆ ದಫೇದಾರ ಚಲುವಯ್ಯ ಅಂದರು.”